ಬೆದೆ ಸರಿಯಾಗಿದೆ, ಗಬ್ಬ ನಿಲ್ಲುತ್ತಿಲ್ಲ: ಅಂಡಾಣುವಿಗೆ ‘ಶಕ್ತಿ ಸಾಲದು’ ಎಂದರೆ ಏನು?

ಹಾಲುಗಡಿಗೆ · ಸೋಮವಾರ, ಬೆಳಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಕಡೆ. ಎಚ್‌ಎಫ್ ಮಿಶ್ರತಳಿ ಹಸು, ಎರಡನೇ ಸೂಲು. ಕರು ಹಾಕಿದ ಒಂದೂವರೆ ತಿಂಗಳಿಗೆಲ್ಲ ದಿನಕ್ಕೆ 20 ಲೀಟರ್ ಮುಟ್ಟಿತ್ತು. ಮೂರು ವಾರಕ್ಕೊಮ್ಮೆ ತಪ್ಪದೆ ಬೆದೆಗೆ ಬರುತ್ತದೆ, ಲೋಳೆ ತಿಳಿಯಾಗಿದೆ, ಕೀವಿಲ್ಲ. ಗರ್ಭಧಾರಣೆ ಮಾಡಿಸಿದರೆ ಮೂರು ವಾರಕ್ಕೆ ಮತ್ತೆ ಕೂಗುತ್ತದೆ. ನಮ್ಮ ಡಾಕ್ಟರು ಕೈ ಹಾಕಿ ನೋಡಿ, ಗರ್ಭಕೋಶದಲ್ಲಿ ತೊಂದರೆ ಇಲ್ಲ, ಅಂಡಾಣುವಿಗೆ ಶಕ್ತಿ ಸಾಲದು, ಮೇವು ನೋಡಿಕೊಳ್ಳಿ ಎಂದು ಹೇಳಿ ಹೋದರು. ಅವರನ್ನು ನಿಲ್ಲಿಸಿ ಕೇಳುವಷ್ಟು ಹೊತ್ತು ಅವರಿಗಿರಲಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಅಂಡಾಣುವಿಗೆ ಎಷ್ಟು ಮೇವು ಬೇಕು? ನಾನು ಹಾಕುವ ನೇಪಿಯರ್, ರಾಗಿ ಹುಲ್ಲು, ಆರು ಕೆಜಿ ಪಶು ಆಹಾರ ಅದಕ್ಕೆ ಸಾಲುವುದಿಲ್ಲವೇ? ತಿಳಿದವರು ಬಿಡಿಸಿ ಹೇಳಬೇಕು.

ತೆಂಗಿನತೋಟ · ಸೋಮವಾರ, ಬೆಳಗ್ಗೆ 8:15

ಅಣ್ಣಾ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಹೊಟ್ಟೆಯಲ್ಲಿ ಹುಳಿಯದೆ ಮುಂದೆ ಹೋಗುವ ಬೈಪಾಸ್ ಕೊಬ್ಬು ದಿನಕ್ಕೆ 200 ಗ್ರಾಂ, ಸಂಜೆ ಅರ್ಧ ಕೆಜಿ ಬೆಲ್ಲ. ಶಕ್ತಿ ತಾನಾಗಿ ಬರುತ್ತದೆ.

ಪೆಟ್ರಿತಟ್ಟೆ · ಸೋಮವಾರ, ಮಧ್ಯಾಹ್ನ 1:30

ಬೆಲ್ಲದ ವಿಚಾರಕ್ಕೆ ಆಮೇಲೆ ಬರೋಣ. ನಾನು ಕುರಿ ಮತ್ತು ಎಮ್ಮೆಯ ಅಂಡಾಣುಗಳನ್ನು ಪ್ರಯೋಗಾಲಯದಲ್ಲಿ ಮಾಗಿಸುವ ಕೆಲಸ ಮಾಡುವವಳು. ಹಾಲುಗಡಿಗೆಯವರು ಕೇಳಿದ ಪ್ರಶ್ನೆಗೆ ಚುಟುಕು ಉತ್ತರ ಇಲ್ಲ, ಸ್ವಲ್ಪ ತಾಳ್ಮೆ ಇರಲಿ.

ಬೆದೆಯ ದಿನ ಹೊರಬೀಳುವ ಅಂಡಾಣು ಆ ವಾರ ತಯಾರಾದದ್ದಲ್ಲ. ಹಸು ಹುಟ್ಟುವ ಮೊದಲೇ ಅಂಡಾಶಯದಲ್ಲಿ ಸೇರಿಕೊಂಡು, ಕೋಶವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಸರದಿ ಬಂದಾಗ ಬೆಳೆಯಲು ಶುರು ಮಾಡಿ, ಸುಮಾರು 30 ಮೈಕ್ರಾನ್ ಇದ್ದದ್ದು 120 ಮೈಕ್ರಾನ್ ಆಗುತ್ತದೆ. ಈ ಬೆಳವಣಿಗೆಗೆ ತಿಂಗಳುಗಳು ಹಿಡಿಯುತ್ತವೆ. ಅಂಡಾಣುವಿನ ಸುತ್ತಲಿನ ಚೀಲವಾದ ಫಾಲಿಕಲ್‌ನಲ್ಲಿ ದ್ರವ ತುಂಬಲು ಶುರುವಾದ ಹಂತದಿಂದ ಎಣಿಸಿದರೂ ಅದು ಒಡೆಯಲು ಸುಮಾರು 40 ದಿನ ಬೇಕು. ನಿಮ್ಮ ಹಸುವಿಗೆ ಎರಡೂವರೆ ತಿಂಗಳಿಗೆ ಗರ್ಭಧಾರಣೆ ಮಾಡಿಸಿದ್ದರೆ, ಆ ಅಂಡಾಣು ಬೆಳೆದದ್ದು ಕರು ಹಾಕಿದ ಮೊದಲ ವಾರಗಳಲ್ಲಿ, ಹಸು ತಿಂದದ್ದಕ್ಕಿಂತ ಹೆಚ್ಚು ಹಾಲಿಗೆ ಸುರಿಯುತ್ತಿದ್ದ ಕಾಲದಲ್ಲಿ. ಅಮೆರಿಕದ ವಿಜ್ಞಾನಿ ಜ್ಯಾಕ್ ಬ್ರಿಟ್ 1992ರಲ್ಲಿ ಮುಂದಿಟ್ಟ ಊಹೆ ಇದೇ: ಆ ಕೊರತೆಯ ದಿನಗಳಲ್ಲಿ ಬೆಳೆದ ಫಾಲಿಕಲ್‌ಗಳು ಎರಡು ಎರಡೂವರೆ ತಿಂಗಳ ನಂತರ ಅದರ ಫಲ ಉಣ್ಣುತ್ತವೆ.

ಈ ಬೆಳವಣಿಗೆಯಲ್ಲಿ ಅಂಡಾಣು ಮಾಡುವುದು ಶೇಖರಣೆ. ಆರ್‌ಎನ್‌ಎ, ಪ್ರೋಟೀನು, ಕೊಬ್ಬಿನ ಹನಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಮೈಟೊಕಾಂಡ್ರಿಯ, ಎಂದರೆ ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು. ಮಾಗಿದ ಅಂಡಾಣುವಿನಲ್ಲಿ ಇವುಗಳ ಸಂಖ್ಯೆ ಲಕ್ಷದ ಲೆಕ್ಕದಲ್ಲಿದೆ, ದೇಹದ ಬೇರೆ ಯಾವ ಕೋಶದಲ್ಲೂ ಇಷ್ಟಿಲ್ಲ. ಯಾಕಿಷ್ಟು ಎಂದರೆ, ವೀರ್ಯಾಣು ಸೇರಿ ಭ್ರೂಣ ಒಡೆಯಲು ಶುರುವಾದ ಮೇಲೆ ಸುಮಾರು ಒಂದು ವಾರ ಹೊಸ ಮೈಟೊಕಾಂಡ್ರಿಯ ಬಹುತೇಕ ಹುಟ್ಟುವುದೇ ಇಲ್ಲ. ಇದ್ದದ್ದನ್ನೇ ಎರಡು ಕೋಶ, ನಾಲ್ಕು, ಎಂಟು, ಹದಿನಾರು ಹಂಚಿಕೊಳ್ಳಬೇಕು. ಕಡಿಮೆ ಕೂಡಿಟ್ಟ ಅಂಡಾಣು ಫಲಿತವಾಗುತ್ತದೆ, ಒಂದೆರಡು ಸಲ ಒಡೆಯುತ್ತದೆ, ಒಂದು ವಾರದ ಹೊತ್ತಿನ ಬ್ಲಾಸ್ಟೊಸಿಸ್ಟ್ ಹಂತಕ್ಕೆ ಮುಂಚೆ ನಿಂತುಬಿಡುತ್ತದೆ.

ನಿಮ್ಮ ಹಸು ಮೂರು ವಾರಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬರುವುದಕ್ಕೂ ಇದಕ್ಕೂ ಸಂಬಂಧ ಇರಬಹುದು. ಭ್ರೂಣ ತಾನಿದ್ದೇನೆ ಎಂದು ಹಸುವಿನ ಗರ್ಭಕೋಶಕ್ಕೆ ತಿಳಿಸುವುದು ಸುಮಾರು 16ನೇ ದಿನ. ಮೊದಲ ವಾರದಲ್ಲೇ ಅದು ನಶಿಸಿದರೆ ಹಸುವಿನ ಮೈಗೆ ಏನೂ ಗೊತ್ತಾಗುವುದಿಲ್ಲ, ಚಕ್ರ ಎಂದಿನಂತೆ ಮುಂದುವರಿಯುತ್ತದೆ. ಅಂಡಾಣು ಫಲಿತವಾಗಲೇ ಇಲ್ಲವೋ, ಫಲಿತವಾಗಿ ಸತ್ತಿತೋ, ಕೊಟ್ಟಿಗೆಯಲ್ಲಿ ನಿಂತು ನೋಡಿದರೆ ಎರಡೂ ಒಂದೇ.

ಹಾಲುಗಡಿಗೆ · ಸೋಮವಾರ, ರಾತ್ರಿ 8:40

ಮೇಡಂ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಆದರೆ ಬೆದೆಯ ದಿನ ಅಂಡಾಣು ‘ಮಾಗುತ್ತದೆ’ ಎಂದೂ ಕೇಳಿದ್ದೇನೆ. ತಿಂಗಳುಗಟ್ಟಲೆ ಬೆಳೆದದ್ದಕ್ಕೆ ಮತ್ತೆ ಮಾಗುವುದು ಏನು?

ಪೆಟ್ರಿತಟ್ಟೆ · ಸೋಮವಾರ, ರಾತ್ರಿ 10:05

ಬೆಳೆಯುವುದು ಬೇರೆ, ಮಾಗುವುದು ಬೇರೆ. ಬೆದೆಯ ಹೊತ್ತಿಗೆ ಮೆದುಳಿನ ಬುಡದ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಅಲ್ಲಿಯವರೆಗೆ ಫಾಲಿಕಲ್‌ನ ಕೋಶಗಳು ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುವನ್ನು ಅಂಡಾಣುವಿನೊಳಕ್ಕೆ ಸಾಗಿಸಿ, ಅದರಲ್ಲಿರುವ ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಅಣುವಿನ ಮಟ್ಟ ಇಳಿಯದಂತೆ ನೋಡಿಕೊಂಡಿರುತ್ತವೆ. ಆ ಮಟ್ಟ ಮೇಲಿರುವವರೆಗೆ ವಿಭಜನೆ ಮುಂದೆ ಹೋಗುವುದಿಲ್ಲ. ಎಲ್‌ಎಚ್ ಬಂದಾಗ ಸರಬರಾಜು ಕಡಿದು, ಮಟ್ಟ ಕುಸಿದು, ತಡೆ ತೆಗೆಯುತ್ತದೆ. ಸುಮಾರು ಒಂದು ದಿನದೊಳಗೆ ನ್ಯೂಕ್ಲಿಯಸ್‌ನ ಪೊರೆ ಕರಗಿ, ವರ್ಣತಂತುಗಳನ್ನು ಎಳೆಯುವ ಕದಿರು ಕಟ್ಟಿಕೊಂಡು, ಅರ್ಧ ವರ್ಣತಂತುಗಳು ಒಂದು ಪುಟ್ಟ ಕೋಶವಾಗಿ ಹೊರಬೀಳುತ್ತವೆ. ಕದಿರು ಕಟ್ಟುವುದಕ್ಕೆ, ಎಳೆಯುವುದಕ್ಕೆ, ಪ್ರೋಟೀನು ತಯಾರಿಗೆ, ಎಲ್ಲಕ್ಕೂ ಎಟಿಪಿ, ಎಂದರೆ ಕೋಶ ಶಕ್ತಿಗಾಗಿ ಬಳಸುವ ಅಣು, ಖರ್ಚು. ಹಸುವಿನ ಅಂಡಾಣುವಿನಲ್ಲಿ ಈ ಹೊತ್ತಿಗೆ ಅಂಚಿನಲ್ಲಿ ಗುಂಪುಗೂಡಿದ್ದ ಮೈಟೊಕಾಂಡ್ರಿಯ ಒಳಭಾಗಕ್ಕೆ ಹರಡಿಕೊಳ್ಳುವುದನ್ನು ಬಣ್ಣ ಹಾಕಿ ನೋಡಬಹುದು.

ಇಲ್ಲಿ ಒಂದು ವಿಚಿತ್ರ ಇದೆ, ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಅದರಿಂದ. ಸಸ್ತನಿಯ ಅಂಡಾಣುವಿಗೆ ಗ್ಲೂಕೋಸನ್ನು ನೇರವಾಗಿ ಬಳಸಲು ಹೆಚ್ಚುಕಡಿಮೆ ಬರುವುದಿಲ್ಲ. 1967ರಲ್ಲಿ ಬಿಗರ್ಸ್, ವಿಟಿಂಗ್‌ಹ್ಯಾಮ್, ಡೊನಾಹ್ಯೂ ಎಂಬ ಮೂವರು ಇಲಿಯ ಅಂಡಾಣುವನ್ನು ಬೆತ್ತಲೆ ಮಾಡಿ, ಎಂದರೆ ಸುತ್ತಲಿನ ಕ್ಯುಮುಲಸ್ ಕೋಶಗಳನ್ನು ತೆಗೆದುಹಾಕಿ, ಗ್ಲೂಕೋಸ್ ಇರುವ ದ್ರಾವಣದಲ್ಲಿಟ್ಟರು. ಮಾಗಲಿಲ್ಲ. ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟ್ ಕೊಟ್ಟರು, ಮಾಗಿತು. ಕ್ಯುಮುಲಸ್ ಕೋಶಗಳನ್ನು ಬಿಟ್ಟು ಗ್ಲೂಕೋಸ್ ಕೊಟ್ಟರು, ಆಗಲೂ ಮಾಗಿತು. ಎಂದರೆ ತಾಯಿ ತುತ್ತು ಕಲಸಿ ಮಗುವಿನ ಬಾಯಿಗಿಡುವಂತೆ, ಸುತ್ತಲಿನ ಕೋಶಗಳು ಗ್ಲೂಕೋಸನ್ನು ಪೈರುವೇಟ್ ಮಾಡಿ ಅಂಡಾಣುವಿಗೆ ದಾಟಿಸುತ್ತವೆ. ಅವುಗಳ ಎಳೆಗಳು ಅಂಡಾಣುವಿನ ದಪ್ಪ ಹೊರಪದರವನ್ನು ತೂರಿಕೊಂಡು ಒಳಗಿನ ಪೊರೆಯನ್ನು ಮುಟ್ಟಿರುತ್ತವೆ. ಇನ್ನೊಂದು ಕಡೆಯಿಂದ ಅಂಡಾಣುವೂ ಸುಮ್ಮನಿರುವುದಿಲ್ಲ. ಜಿಡಿಎಫ್9, ಬಿಎಂಪಿ15 ಎಂಬ ಪ್ರೋಟೀನುಗಳನ್ನು ಸ್ರವಿಸಿ, ಹೆಚ್ಚು ಗ್ಲೂಕೋಸ್ ಒಡೆಯಿರಿ ಎಂದು ಆ ಕೋಶಗಳಿಗೆ ತಾಕೀತು ಮಾಡುತ್ತದೆ. ಹಾಗಾಗಿ ‘ಅಂಡಾಣುವಿಗೆ ಶಕ್ತಿ ಸಾಲದು’ ಎಂಬ ಮಾತಿನಲ್ಲಿ ಅರ್ಧ ದೂರು ಅಂಡಾಣುವಿನ ಮೇಲಲ್ಲ, ಅದರ ನೆರೆಹೊರೆಯ ಮೇಲೆ.

ಬಯಲುಸೀಮೆ ಪಶುವೈದ್ಯ · ಮಂಗಳವಾರ, ಬೆಳಗ್ಗೆ 7:20

ಮೇಡಂ ಬರೆದದ್ದನ್ನು ಓದಿ ಕಾಲೇಜಿನ ದಿನಗಳು ನೆನಪಾದವು. ಕೊಟ್ಟಿಗೆಯ ಕಡೆಯ ಲೆಕ್ಕವನ್ನು ನಾನು ಕೊಡುತ್ತೇನೆ.

ಯಜಮಾನರೇ, ಒಂದು ಲೀಟರ್ ಹಾಲಿನ ಲ್ಯಾಕ್ಟೋಸ್ ಮತ್ತು ಉಳಿದ ಕೆಲಸಕ್ಕೆ ಕೆಚ್ಚಲು ಸುಮಾರು 70 ಗ್ರಾಂ ಗ್ಲೂಕೋಸ್ ಎಳೆಯುತ್ತದೆ. 20 ಲೀಟರಿಗೆ 1,400 ಗ್ರಾಂ, ದಿನಾ. ಹಸು ತಿಂದ ಪಿಷ್ಟ, ಸಕ್ಕರೆಯೆಲ್ಲ ದೊಡ್ಡ ಹೊಟ್ಟೆಯಲ್ಲಿ ಹುಳಿಯುವುದರಿಂದ ಗ್ಲೂಕೋಸ್ ನೇರವಾಗಿ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಹುಳಿದಾಗ ಹುಟ್ಟುವ ಪ್ರೊಪಿಯೊನೇಟ್‌ನಿಂದ ಯಕೃತ್ತು ಹೊಸದಾಗಿ ತಯಾರಿಸಬೇಕು. ಹಾಲು ಏರುವುದು ಕರು ಹಾಕಿದ ನಾಲ್ಕರಿಂದ ಆರನೇ ವಾರಕ್ಕೆ, ಹೊಟ್ಟೆ ತುಂಬ ಮೇಯುವ ಶಕ್ತಿ ಬರುವುದು ಎಂಟು ವಾರ ಕಳೆದ ಮೇಲೆ. ನಡುವಿನ ಸಾಲವನ್ನು ಹಸು ಬೆನ್ನಿನ ಕೊಬ್ಬು ಕರಗಿಸಿ ತೀರಿಸುತ್ತದೆ. ಆಗ ಇನ್ಸುಲಿನ್ ಇಳಿದಿರುತ್ತದೆ. ಸ್ನಾಯು, ಕೊಬ್ಬು ಗ್ಲೂಕೋಸ್ ಹೀರಲು ಇನ್ಸುಲಿನ್ ಅಪ್ಪಣೆ ಬೇಕು, ಕೆಚ್ಚಲಿಗೆ ಬೇಡ. ಇದ್ದದ್ದೆಲ್ಲ ಕೆಚ್ಚಲಿಗೆ ಹರಿಯುತ್ತದೆ. ಹಸುವಿನ ಮೈ ಮೊದಲು ಉಳಿಸುವುದು ಹಾಲು ಕುಡಿಯುವ ಕರುವನ್ನು, ಮುಂದಿನ ಕರುವನ್ನಲ್ಲ.

ಕರಗಿದ ಕೊಬ್ಬು ರಕ್ತದಲ್ಲಿ ಕೊಬ್ಬಿನಾಮ್ಲಗಳಾಗಿ ಓಡಾಡುತ್ತದೆ, ನಾವು ನೆಫಾ ಎನ್ನುತ್ತೇವೆ. ಯಕೃತ್ತಿಗೆ ನಿಭಾಯಿಸಲಾಗದಷ್ಟು ಬಂದರೆ ಅದು ಅರೆಬರೆ ಉರಿದು ಕೀಟೋನ್‌ಗಳು ಹುಟ್ಟುತ್ತವೆ.

ಇನ್ನು ತೆಂಗಿನತೋಟದವರ ಬೆಲ್ಲ. ಸಕ್ಕರೆ ಹೊಟ್ಟೆಯಲ್ಲಿ ಹುಳಿದಾಗ ಬ್ಯುಟಿರೇಟ್ ಎಂಬ ಇನ್ನೊಂದು ಆಮ್ಲ ಹೆಚ್ಚು ಬರುತ್ತದೆ, ಬ್ಯುಟಿರೇಟ್‌ನಿಂದ ಬರುವುದು ಕೀಟೋನ್. ಕೀಟೋನ್ ಏರಿದ ಹಸುವಿಗೆ ಬೆಲ್ಲ ತಿನ್ನಿಸಿ ಉಪಚಾರ ಮಾಡಿದೆವೆಂದು ತೃಪ್ತಿಪಡುವವರನ್ನು ದಿನಾ ನೋಡುತ್ತೇನೆ. ಅಂಥ ಹಸುವಿಗೆ ನಾವು ಕುಡಿಸುವುದು ಪ್ರೊಪಿಲೀನ್ ಗ್ಲೈಕಾಲ್, ದಿನಕ್ಕೆ ಸುಮಾರು 300 ಮಿಲಿ, ಕೆಲವು ದಿನ ಮಾತ್ರ. ಅದು ಯಕೃತ್ತಿನಲ್ಲಿ ಗ್ಲೂಕೋಸ್ ಆಗುತ್ತದೆ. ವೈದ್ಯರನ್ನು ಕೇಳದೆ ಅದನ್ನೂ ಕುಡಿಸಬೇಡಿ.

ತೆಂಗಿನತೋಟ · ಮಂಗಳವಾರ, ಬೆಳಗ್ಗೆ 9:00

ಬೆಲ್ಲ ಹೋಗಲಿ ಡಾಕ್ಟರೇ, ಬೈಪಾಸ್ ಕೊಬ್ಬು ಹೊಟ್ಟೆಯಲ್ಲಿ ಹುಳಿಯುವುದಿಲ್ಲವಲ್ಲ?

ಬಯಲುಸೀಮೆ ಪಶುವೈದ್ಯ · ಮಂಗಳವಾರ, ಬೆಳಗ್ಗೆ 9:25

ಹುಳಿಯುವುದಿಲ್ಲ, ಸರಿ. ಆದರೆ ಅದು ಗ್ಲೂಕೋಸ್ ಕೂಡ ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ತಾಳೆ ಎಣ್ಣೆಯಿಂದ ಮಾಡಿದ್ದು, ಪಾಮಿಟಿಕ್ ಆಮ್ಲ ಅದರಲ್ಲಿ ದೊಡ್ಡ ಪಾಲು. ಪಾಮಿಟಿಕ್ ಶಕ್ತಿಯನ್ನು ಹಾಲಿನ ಕಡೆಗೆ ತಿರುಗಿಸುವಂಥದ್ದು. ಹಾಲಿನ ಜಿಡ್ಡು ಏರುತ್ತದೆ, ಡೇರಿಯಲ್ಲಿ ಎರಡು ಕಾಸು ಹೆಚ್ಚು ಬರುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲೇ ಸುರಿದರೆ ಹಸು ಇನ್ನಷ್ಟು ಬಡಕಲಾಗುವ ಸಾಧ್ಯತೆ ಇದೆ. ಹೊಟ್ಟೆ ತುಂಬ ಮೇಯಲು ಶುರು ಮಾಡಿದ ಮೇಲೆ ಅದಕ್ಕೆ ಜಾಗ ಇದೆ.

ಪೆಟ್ರಿತಟ್ಟೆ · ಮಂಗಳವಾರ, ಮಧ್ಯಾಹ್ನ 2:10

ಡಾಕ್ಟರ್ ಪಾಮಿಟಿಕ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಬೆಲ್ಜಿಯಂನ ಯೊ ಲೆರಾಯ್ ಮತ್ತು ಸಂಗಡಿಗರು ಹಾಲು ಕರೆಯುವ ಹಸುಗಳ ಫಾಲಿಕಲ್‌ನಿಂದಲೇ ದ್ರವ ತೆಗೆದು ನೋಡಿದರು. ರಕ್ತದಲ್ಲಿ ಏರಿದ ನೆಫಾ ಅಲ್ಲಿಯೂ ಏರಿತ್ತು, ರಕ್ತಕ್ಕಿಂತ ಮಟ್ಟ ಕಡಿಮೆ ಅಷ್ಟೆ. ಅದರಲ್ಲಿ ಮುಖ್ಯವಾದವು ಮೂರು: ಪಾಮಿಟಿಕ್, ಸ್ಟಿಯರಿಕ್, ಓಲಿಯಿಕ್. ಅಲ್ಲಿ ಸಿಕ್ಕಿದಷ್ಟೇ ಪ್ರಮಾಣವನ್ನು ಅಂಡಾಣು ಮಾಗಿಸುವ ದ್ರಾವಣಕ್ಕೆ ಹಾಕಿದಾಗ ಪಾಮಿಟಿಕ್ ಮತ್ತು ಸ್ಟಿಯರಿಕ್ ಇದ್ದ ತಟ್ಟೆಗಳಲ್ಲಿ ಮಾಗುವಿಕೆ, ಫಲಿತ, ಭ್ರೂಣ ಮೂರೂ ಇಳಿದವು, ಕ್ಯುಮುಲಸ್ ಕೋಶಗಳು ಸಾಯತೊಡಗಿದವು. 2005ರ ಕೆಲಸ ಇದು. ಓಲಿಯಿಕ್ ಆ ಹಾನಿ ಮಾಡಲಿಲ್ಲ. ನೆದರ್ಲೆಂಡ್ಸ್‌ನ ಊಟ್ರೆಕ್ಟ್‌ನಲ್ಲಿ ಆಮೇಲೆ ಕಂಡದ್ದು, ಓಲಿಯಿಕ್ ಜೊತೆಗಿದ್ದರೆ ಪಾಮಿಟಿಕ್‌ನ ಕೇಡು ತಗ್ಗುತ್ತದೆ, ಯಾಕೆಂದರೆ ಅದು ಕೊಬ್ಬನ್ನು ಹನಿಗಳಾಗಿ ಸುರಕ್ಷಿತವಾಗಿ ಕೂಡಿಡಲು ನೆರವಾಗುತ್ತದೆ. ಕ್ಯುಮುಲಸ್ ಕೋಶಗಳಲ್ಲಿ ಸ್ಟಿಯರಿಕ್ ಅನ್ನು ಓಲಿಯಿಕ್ ಆಗಿ ಬದಲಿಸುವ ಕಿಣ್ವವೂ ಇದೆ. ಕೂಳಿಕ್ಕುವ ಕೋಶಗಳೇ ಕಾವಲೂ ಕಾಯುತ್ತವೆ. ಆ ಕಾವಲಿಗೂ ಒಂದು ಮಿತಿ ಇದೆ.

ಒಂದು ಮಾತು ಸ್ಪಷ್ಟವಾಗಲಿ: ಹಸು ತಿನ್ನುವ ಪಾಮಿಟಿಕ್ ನೆಟ್ಟಗೆ ಅಂಡಾಣುವಿಗೆ ಹೋಗಿ ಸೇರುತ್ತದೆ ಎಂದು ನಾನು ಹೇಳುತ್ತಿಲ್ಲ. ಕೇಡು ಮಾಡುವುದು ಮೈ ಕೊಬ್ಬು ಕರಗಿ ಬರುವ ಪ್ರವಾಹ. ಕೊಬ್ಬೆಂದರೇ ಕೆಟ್ಟದ್ದು ಎಂಬ ತೀರ್ಮಾನವೂ ಬೇಡ. ಇಲಿಯ ಅಂಡಾಣುವಿನಲ್ಲಿ ಸುಮಾರು 4 ನ್ಯಾನೊಗ್ರಾಂ ಕೊಬ್ಬಿದ್ದರೆ ಹಸುವಿನದರಲ್ಲಿ 60ರ ಆಸುಪಾಸು, ಹಂದಿಯದರಲ್ಲಿ 160. ಆ ಹನಿಗಳನ್ನು ಮೈಟೊಕಾಂಡ್ರಿಯ ಉರಿಸಿಯೇ ಮಾಗುವ ಖರ್ಚಿನ ಒಂದು ಪಾಲು ಬರುತ್ತದೆ. ಉರಿಸುವ ದಾರಿಯನ್ನು ಔಷಧದಿಂದ ಮುಚ್ಚಿದರೆ ಇಲಿಯ ಅಂಡಾಣು ಕೂಡ ಸರಿಯಾಗಿ ಮಾಗುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಬಹುದೇ ಎಂದು ಕೇಳುವವರಿಗೆ: ನಮ್ಮಲ್ಲಿ ಕಸಾಯಿಖಾನೆಯಿಂದ ಕುರಿಯ ಅಂಡಾಶಯ ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿನಲ್ಲಿ ಬರುತ್ತದೆ. ಫಾಲಿಕಲ್‌ಗಳಿಗೆ ಸೂಜಿ ಚುಚ್ಚಿ ದ್ರವ ಎಳೆದು ತಟ್ಟೆಗೆ ಬಿಡುತ್ತೇವೆ. ಸೂಕ್ಷ್ಮದರ್ಶಕದಡಿ ಅಂಡಾಣು ಕಪ್ಪಗೆ ಮೋಡ ಕವಿದು ಕಾಣುತ್ತದೆ, ಆ ಕಪ್ಪೇ ಕೊಬ್ಬು. ಸುತ್ತಲೂ ನಾಲ್ಕೈದು ಪದರ ಕ್ಯುಮುಲಸ್ ಒತ್ತಾಗಿದ್ದರೆ ಆರಿಸಿಕೊಳ್ಳುತ್ತೇವೆ, ಹರಿದುಹೋಗಿದ್ದರೆ ಬಿಡುತ್ತೇವೆ. ಇನ್ನೂ ಖಚಿತವಾಗಬೇಕೆಂದರೆ ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ 90 ನಿಮಿಷ ಇಡುತ್ತೇವೆ. ಇನ್ನೂ ಬೆಳೆಯುತ್ತಿರುವ ಅಂಡಾಣುವಿನಲ್ಲಿ ಜಿ6ಪಿಡಿ ಎಂಬ ಕಿಣ್ವ ಚುರುಕಾಗಿದ್ದು ನೀಲಿಯನ್ನು ಅಳಿಸಿಹಾಕುತ್ತದೆ. ಬೆಳವಣಿಗೆ ಮುಗಿಸಿದ್ದರಲ್ಲಿ ಆ ಕಿಣ್ವ ತಣ್ಣಗಾಗಿರುತ್ತದೆ, ನೀಲಿ ಉಳಿಯುತ್ತದೆ. ನೀಲಿ ಉಳಿದವುಗಳಿಂದ ಹೆಚ್ಚು ಭ್ರೂಣ ಸಿಗುತ್ತದೆ. ಶಕ್ತಿಯ ವಹಿವಾಟು ಎಲ್ಲಿಗೆ ಬಂದಿದೆ ಎಂಬುದು ಬಣ್ಣದಲ್ಲೇ ಗೊತ್ತಾಗುವ ಇಂಥ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ. ಆಮೇಲೆ 38.5 ಡಿಗ್ರಿಯಲ್ಲಿ ಒಂದು ದಿನ. ಮರುದಿನ ತೆಗೆದು ನೋಡಿದರೆ ಒತ್ತಾಗಿದ್ದ ಕ್ಯುಮುಲಸ್ ಅಂಟಂಟಾಗಿ ಅರಳಿಕೊಂಡಿರುತ್ತದೆ. ಆ ಅಂಟನ್ನು ಕೂಡ ಗ್ಲೂಕೋಸಿನಿಂದಲೇ ನೇಯುತ್ತವೆ.

ಮಲ್ಲಿಗೆಬಳ್ಳಿ · ಮಂಗಳವಾರ, ಸಂಜೆ 6:30

ಹಸುವಿನ ಚರ್ಚೆಯಲ್ಲಿ ಹೆಂಗಸಿನ ಪ್ರಶ್ನೆ ಕೇಳುತ್ತಿದ್ದೇನೆ, ಬೇಸರಿಸಬೇಡಿ. ನನಗೆ 38. ಐವಿಎಫ್ ಚಿಕಿತ್ಸೆ ನಡೆಯುತ್ತಿದೆ. ಅಂಡಾಣುವಿನ ಗುಣಮಟ್ಟಕ್ಕೆಂದು ಕೋಎನ್‌ಜೈಮ್ ಕ್ಯೂ10 ಬರೆದುಕೊಟ್ಟಿದ್ದಾರೆ. ಮೈಟೊಕಾಂಡ್ರಿಯಕ್ಕೆ ಒಳ್ಳೆಯದಂತೆ. ನಿಜವೇ?

ಗಾಜಿನಪಿಪೆಟ್ · ಮಂಗಳವಾರ, ರಾತ್ರಿ 11:45

ಅಕ್ಕಾ, ನಾನು ಹೊರದೇಶದಲ್ಲಿ ಮನುಷ್ಯರ ಐವಿಎಫ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ವೈದ್ಯರ ಸಲಹೆಗೆ ಎದುರು ಹೇಳುವುದು ನನ್ನ ಕೆಲಸವಲ್ಲ, ಗೊತ್ತಿರುವುದನ್ನು ಹೇಳುತ್ತೇನೆ. 2015ರಲ್ಲಿ ಪ್ರಕಟವಾದ ಟೊರೊಂಟೊದ ಕೆಲಸದಲ್ಲಿ ವಯಸ್ಸಾದ ಇಲಿಗಳಿಗೆ ಕ್ಯೂ10 ಕೊಟ್ಟಾಗ ಅಂಡಾಣುವಿನ ಮೈಟೊಕಾಂಡ್ರಿಯ ಚೇತರಿಸಿಕೊಂಡು ಮರಿಗಳ ಸಂಖ್ಯೆಯೂ ಏರಿತು. ಮನುಷ್ಯರಲ್ಲಿ ಇರುವ ಪ್ರಯೋಗಗಳು ಸಣ್ಣವು, ಆ ಆಧಾರದ ಮೇಲೆ ಭರವಸೆ ಕೊಡಲಾಗದು. ಇನ್ನೊಂದು ಮಾತು. ವಯಸ್ಸಿನ ಜೊತೆ ಅಂಡಾಣು ಸೋಲುವ ದೊಡ್ಡ ಕಾರಣ ವರ್ಣತಂತುಗಳು ತಪ್ಪಾಗಿ ಹಂಚಿಹೋಗುವುದು. ಅವುಗಳನ್ನು ಜೋಡಿಯಾಗಿ ಹಿಡಿದಿಟ್ಟ ಕೊಹೆಸಿನ್ ಎಂಬ ಪ್ರೋಟೀನು ವರ್ಷಗಳಲ್ಲಿ ಸವೆಯುತ್ತದೆ, ಅದನ್ನು ಮಾತ್ರೆಯಿಂದ ಮತ್ತೆ ಕಟ್ಟಲಾಗುವುದಿಲ್ಲ. ಮಾತ್ರೆ ತೆಗೆದುಕೊಳ್ಳುವುದೇ ಆದರೆ ಒಂದು ವಾರ ತೆಗೆದುಕೊಂಡು ಫಲ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಮನುಷ್ಯರಲ್ಲಿ ಫಾಲಿಕಲ್‌ನ ಕೊನೆಯ ಬೆಳವಣಿಗೆಗೇ ಸುಮಾರು 85 ದಿನ ಬೇಕು.

‘ಹೆಚ್ಚು ಶಕ್ತಿ ಒಳ್ಳೆಯದು’ ಎಂಬ ಮಾತಿಗೂ ನನ್ನ ತಕರಾರಿದೆ. 2022ರಲ್ಲಿ ಬಾರ್ಸಿಲೋನಾದ ಎಲ್ವಾನ್ ಬೋಕೆ ಅವರ ತಂಡ ತೋರಿಸಿದ್ದು: ನಿದ್ರಿಸುತ್ತಿರುವ ಎಳೆಯ ಅಂಡಾಣುಗಳು ಮೈಟೊಕಾಂಡ್ರಿಯದ ಉಸಿರಾಟ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್ 1 ಅನ್ನೇ ಕಳಚಿಟ್ಟುಕೊಂಡಿರುತ್ತವೆ. ಹಾನಿಕರ ಆಮ್ಲಜನಕದ ಕಣಗಳು ಹುಟ್ಟುವ ಮುಖ್ಯ ಜಾಗಗಳಲ್ಲಿ ಅದೊಂದು. ದಶಕಗಳ ಕಾಲ ಕೆಡದೆ ಉಳಿಯಬೇಕಾದ ಕೋಶ ಒಲೆಯನ್ನೇ ತಗ್ಗಿಸಿಟ್ಟುಕೊಂಡಿದೆ. ಅಂಥ ಅಂಡಾಣುವಿಗೆ ಪುಷ್ಟಿ ಕೊಡುತ್ತೇವೆಂದು ಹೊರಡುವ ಜಾಹೀರಾತುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಲ್ಲಿಗೆಬಳ್ಳಿ · ಬುಧವಾರ, ಬೆಳಗ್ಗೆ 7:00

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಇದನ್ನು ವೈದ್ಯರ ಮುಂದಿಡುತ್ತೇನೆ.

ಬಯಲುಸೀಮೆ ಪಶುವೈದ್ಯ · ಬುಧವಾರ, ಮಧ್ಯಾಹ್ನ 12:40

ಪೆಟ್ರಿತಟ್ಟೆ ಮೇಡಂ, ನಿಮ್ಮ ಮಾತಿನ ಓಟ ನೋಡಿದರೆ ಗಬ್ಬ ನಿಲ್ಲದ ಹಸುಗಳೆಲ್ಲ ಅಂಡಾಣುವಿನ ತಪ್ಪಿನಿಂದಲೇ ನಿಂತಿಲ್ಲ ಎನ್ನುವಂತಿದೆ. ತಟ್ಟೆಯಲ್ಲಿ ಕಂಡದ್ದನ್ನು ಕೊಟ್ಟಿಗೆಗೆ ತರುವಾಗ ಸ್ವಲ್ಪ ಹಿಡಿತ ಬೇಕು. 2010ರಲ್ಲಿ ಪ್ರಕಟವಾದ ಐರ್ಲೆಂಡಿನ ಒಂದು ಕೆಲಸದಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಒಂದೇ ಬಗೆಯ ಎಳೆ ಭ್ರೂಣಗಳನ್ನು ಕಡಸುಗಳ ಅಂಡನಾಳಕ್ಕೂ ಹಾಲು ಕರೆಯುವ ಹಸುಗಳ ಅಂಡನಾಳಕ್ಕೂ ಬಿಟ್ಟರು. ಕೆಲವು ದಿನದ ನಂತರ ತೊಳೆದು ತೆಗೆದಾಗ ಹಾಲಿನ ಹಸುಗಳಲ್ಲಿ ಬ್ಲಾಸ್ಟೊಸಿಸ್ಟ್ ಆದದ್ದು ಕಡಸುಗಳಲ್ಲಿ ಆದದ್ದರ ಸುಮಾರು ಅರ್ಧ. ಅಂಡಾಣು ಒಂದೇ ಬಗೆಯದು, ಮನೆ ಬೇರೆ. ಅಂಡನಾಳದ ದ್ರವವೂ ಕೊರತೆಯಲ್ಲಿ ಕೆಡುತ್ತದೆ.

ಅದಕ್ಕೂ ಮೊದಲು ನಾನು ಹಳ್ಳಿಯಲ್ಲಿ ನೋಡುವುದು ಬೇರೆ. ರಾತ್ರಿ ಬೆದೆಗೆ ಬಂದ ಹಸುವಿಗೆ ಮರುದಿನ ಸಂಜೆ ಗರ್ಭಧಾರಣೆ. ವೀರ್ಯದ ಕಡ್ಡಿಯನ್ನು ಬಿಸಿ ನೀರಿನ ಅಳತೆ ನೋಡದೆ ಕರಗಿಸುವುದು. ಕಣ್ಣಿಗೆ ಕಾಣದ ಗರ್ಭಕೋಶದ ಉರಿಯೂತ. ಇವನ್ನೆಲ್ಲ ಬಿಟ್ಟು ನೇರವಾಗಿ ಮೈಟೊಕಾಂಡ್ರಿಯಕ್ಕೆ ಹಾರುವುದು ಬೇಡ.

ಪೆಟ್ರಿತಟ್ಟೆ · ಬುಧವಾರ, ರಾತ್ರಿ 9:15

ಅಂಡನಾಳದ ಮಾತು ಒಪ್ಪುತ್ತೇನೆ. ಬೆದೆಯ ಹೊತ್ತು, ಕಡ್ಡಿ, ಉರಿಯೂತ ಮೊದಲು ನೋಡಬೇಕೆನ್ನುವುದನ್ನೂ ಒಪ್ಪುತ್ತೇನೆ. ಆದರೆ ಸರ್, ಅಂಡಾಣುವಿನ ಪಾತ್ರ ತಟ್ಟೆಯಲ್ಲಷ್ಟೇ ಕಂಡದ್ದಲ್ಲ. ಬಿಸಿಲಿನ ದೇಶಗಳ ಅನುಭವ ನೋಡಿ. ಕಡು ಬೇಸಿಗೆಯಲ್ಲಿ ಹಾಲಿನ ಹಸುಗಳಿಗೆ ಗರ್ಭಧಾರಣೆ ಮಾಡುವ ಬದಲು ಒಂದು ವಾರದ ಒಳ್ಳೆಯ ಭ್ರೂಣ ಇಟ್ಟರೆ ಹೆಚ್ಚು ಹಸುಗಳು ಗಬ್ಬ ನಿಲ್ಲುತ್ತವೆ. ಗರ್ಭಕೋಶ ಅದೇ, ಬಿಸಿಲು ಅದೇ, ಬದಲಾದದ್ದು ಅಂಡಾಣು ಮತ್ತು ಮೊದಲ ವಾರ. ಇಸ್ರೇಲಿನಲ್ಲಿ ಬೇಸಿಗೆ ಮುಗಿದು ತಂಪು ಬಂದ ಮೇಲೂ ಅಂಡಾಣುಗಳು ಕೆಲವು ಚಕ್ರಗಳವರೆಗೆ ಕಳಪೆಯಾಗಿಯೇ ಬಂದವು. ಬೇಸಿಗೆಯಲ್ಲಿ ಬೆಳೆದ ಫಾಲಿಕಲ್‌ಗಳನ್ನು ಸೂಜಿಯಿಂದ ಹೀರಿ ತೆಗೆದುಹಾಕಿದಾಗ ಒಳ್ಳೆಯವು ಬೇಗ ಬಂದವು. ಅಂಡಾಣು ಹಿಂದಿನ ತಿಂಗಳುಗಳ ಕಷ್ಟವನ್ನು ಹೊತ್ತು ತರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಏನು ಬೇಕು?

ಜೀವರಸಾಯನ_ಎಂಎಸ್ಸಿ · ಗುರುವಾರ, ಬೆಳಗ್ಗೆ 10:20

ಮೇಡಂ, ಕೋಶದಲ್ಲಿ ಎಟಿಪಿ ಕುಸಿದಾಗ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ ಎಂದು ಓದಿದ್ದೇವೆ. ಅದು ಇಲಿಯ ಅಂಡಾಣುವನ್ನು ಮಾಗಲು ಪ್ರಚೋದಿಸುತ್ತದೆ ಎಂದು ಪಾಠದಲ್ಲಿದೆ. ಹಸುವಿಗೂ ಹಾಗೆಯೇ ಅನ್ವಯಿಸಬಹುದೇ?

ಪೆಟ್ರಿತಟ್ಟೆ · ಗುರುವಾರ, ಬೆಳಗ್ಗೆ 11:00

ಅನ್ವಯಿಸಲಾಗದು. ಹಸು ಮತ್ತು ಹಂದಿಯಲ್ಲಿ ಅದೇ ಕಿಣ್ವವನ್ನು ಎಬ್ಬಿಸಿದರೆ ಅಂಡಾಣು ಮಾಗುವುದು ನಿಲ್ಲುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಹಾಕಿ ನೋಡಿದರೂ ಹಸುವಿನಲ್ಲಿ ತಡೆಯೇ ಕಂಡದ್ದು. ಇಲಿಯಿಂದ ಕಲಿತದ್ದನ್ನು ದೊಡ್ಡ ಪ್ರಾಣಿಗೆ ಕಣ್ಣು ಮುಚ್ಚಿ ಹಚ್ಚಬಾರದೆಂದು ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆ ಕೊಡುವ ಮೊದಲ ಉದಾಹರಣೆ ಇದು.

ಅಮೃತಧಾರೆ · ಗುರುವಾರ, ಮಧ್ಯಾಹ್ನ 3:30

ಇಷ್ಟೆಲ್ಲ ಪುರಾಣ ಯಾಕೆ? ನಾಟಿ ಹಸು ಕಟ್ಟಿ. ನಮ್ಮ ಹಳ್ಳಿಕಾರ್‌ಗೆ ಈ ರೋಗವೇ ಇಲ್ಲ.

ಬಯಲುಸೀಮೆ ಪಶುವೈದ್ಯ · ಗುರುವಾರ, ಸಂಜೆ 5:10

ಹಳ್ಳಿಕಾರ್ ದಿನಕ್ಕೆ ಎರಡು ಮೂರು ಲೀಟರ್ ಕೊಡುತ್ತದೆ, ಅದರ ಮೈಗೆ ಸಾಲ ಮಾಡುವ ಪ್ರಸಂಗವೇ ಬರುವುದಿಲ್ಲ. ಹಾಲು ಮಾರಿ ಮಕ್ಕಳ ಶಾಲೆಯ ಶುಲ್ಕ ಕಟ್ಟುವವರಿಗೆ ಆ ಉತ್ತರ ಸಾಲದು. ಚರ್ಚೆಯನ್ನು ತಳಿಯ ಜಗಳಕ್ಕೆ ಎಳೆಯಬೇಡಿ.

ಹಾಲುಗಡಿಗೆ · ಗುರುವಾರ, ರಾತ್ರಿ 8:00

ಡಾಕ್ಟರೇ, ಮೇಡಂ, ಎಲ್ಲ ಓದಿದೆ, ಮಗಳ ಕೈಯಲ್ಲಿ ಎರಡು ಸಲ ಓದಿಸಿದೆ. ಈಗ ಹಸು ಕರು ಹಾಕಿ ಐದು ತಿಂಗಳಾಗುತ್ತಾ ಬಂತು. ಮೈ ಸ್ವಲ್ಪ ತುಂಬಿಕೊಂಡಿದೆ. ಈಗ ಏನು ಮಾಡಲಿ, ಮುಂದಿನ ಸೂಲಿಗೆ ಏನು ಮಾಡಲಿ? ಹಿಂಡಿ ಜಾಸ್ತಿ ಮಾಡಿದರೆ ಆಗುತ್ತದೆಯೇ?

ಬಯಲುಸೀಮೆ ಪಶುವೈದ್ಯ · ಗುರುವಾರ, ರಾತ್ರಿ 9:50

ಹಿಂಡಿ ಜಾಸ್ತಿ ಬೇಡ. ಪ್ರೋಟೀನು ಮಿತಿ ಮೀರಿದರೆ ರಕ್ತದಲ್ಲಿ ಯೂರಿಯಾ ಏರುತ್ತದೆ, ಅದೂ ಗಬ್ಬ ನಿಲ್ಲುವುದಕ್ಕೆ ಅಡ್ಡಿ. ಮೈ ತುಂಬಿಕೊಳ್ಳುತ್ತಿದೆ ಎಂದರೆ ಕೊರತೆಯ ಕಾಲ ದಾಟಿದೆ. ಈಗ ಬೆಳೆಯುತ್ತಿರುವ ಅಂಡಾಣುಗಳು ಮೊದಲಿನವುಗಳಿಗಿಂತ ಉತ್ತಮ ಇರಬೇಕು, ಹಾಗಾಗಿ ಈ ಹಸುವನ್ನು ಮಾರುವ ಆತುರ ಮಾಡಬೇಡಿ. ಮುಂದಿನ ಬೆದೆಗೆ ಮೊದಲು ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಗಿನ ಉರಿಯೂತ ಇದೆಯೇ ನೋಡಿಸಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ.

ಮುಂದಿನ ಸೂಲಿನ ಕೆಲಸ ಶುರುವಾಗುವುದು ಹಾಲು ಬತ್ತಿಸುವ ಮೊದಲೇ. ಐದರ ಅಳತೆಯಲ್ಲಿ ಹಸುವಿನ ಮೈ ಮೂರೂಕಾಲರಿಂದ ಮೂರೂವರೆ ಇರಬೇಕು. ಎಂದರೆ ಸೊಂಟದ ಮೂಳೆಯ ಮೇಲೆ ಕೈಯಿಟ್ಟರೆ ಮೂಳೆ ಸಿಗಬೇಕು, ಚುಚ್ಚಬಾರದು. ಬತ್ತಿದ ಕಾಲದಲ್ಲಿ ಹಸು ಕೊಬ್ಬಿದರೆ ಕರು ಹಾಕಿದ ಮೇಲೆ ಮೇಯುವುದು ಇನ್ನೂ ಕಡಿಮೆ, ಕರಗುವ ಕೊಬ್ಬು ಇನ್ನೂ ಹೆಚ್ಚು. ಕರು ಹಾಕುವ ಮೂರು ವಾರ ಮುಂಚೆ ಪಶು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ದೊಡ್ಡ ಹೊಟ್ಟೆಗೆ ಅಭ್ಯಾಸವಾಗಲಿ. ಕರು ಹಾಕಿದ ಮೇಲೆ ಮುಸುಕಿನ ಜೋಳದ ರಸಮೇವು ಸಿಕ್ಕರೆ ರಾಗಿ ಹುಲ್ಲಿನ ಪಾಲು ತಗ್ಗಿಸಿ. ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಆ ಜಾಗದಲ್ಲಿ ಹೋಗಬಹುದಾಗಿದ್ದ ಒಳ್ಳೆಯ ಮೇವನ್ನು ತಡೆಯುತ್ತದೆ. ಹಾಗೆಂದು ಒಮ್ಮೆಲೇ ಹಿಟ್ಟು ಸುರಿದರೆ ಹೊಟ್ಟೆ ಹುಳಿಯೇರಿ ಹಸು ಮೇವನ್ನೇ ಬಿಡುತ್ತದೆ. ಮೊದಲ ಎರಡು ವಾರದಲ್ಲಿ ಕೀಟೋನ್ ಮೀಟರಿನಲ್ಲಿ ಒಂದು ಹನಿ ರಕ್ತ ನೋಡಿಸಿ. 1.2 ದಾಟಿದ್ದರೆ ತಕ್ಷಣ ತಿಳಿಸಿ. ಎರಡೂವರೆ ತಿಂಗಳ ನಂತರದ ಬೆದೆಗೆ ಮದ್ದು ಮಾಡಬೇಕಾದ ಹೊತ್ತು ಅದು.

ಪೆಟ್ರಿತಟ್ಟೆ · ಗುರುವಾರ, ರಾತ್ರಿ 10:30

ಒಂದೇ ಒಂದು ಸೇರಿಸುತ್ತೇನೆ. ಪಿಷ್ಟ ಹೆಚ್ಚಿರುವ ಆಹಾರದಿಂದ ಇನ್ಸುಲಿನ್ ಏರಿ ಹಸು ಬೇಗ ಬೆದೆಗೆ ಬರುತ್ತದೆ. ಆದರೆ ಅದೇ ಏರಿದ ಇನ್ಸುಲಿನ್ ಅಂಡಾಣುವಿಗೆ ಒಗ್ಗುವುದಿಲ್ಲ. ಮೈ ಕೊಬ್ಬಿದ ಕಡಸುಗಳಿಗೆ ಇನ್ನಷ್ಟು ತಿನ್ನಿಸಿದಾಗ ಅಂಡಾಣು ಕೆಟ್ಟದ್ದು ಬ್ರಿಟನ್ನಿನ ಪ್ರಯೋಗದಲ್ಲಿ ಕಂಡಿದೆ. ಅಲ್ಲಿನ ನಾಟಿಂಗ್‌ಹ್ಯಾಮ್‌ನಲ್ಲಿ ಗಾರ್ನ್ಸ್‌ವರ್ದಿ ಅವರ ತಂಡ ಚಕ್ರ ಶುರುವಾಗುವವರೆಗೆ ಪಿಷ್ಟದ ಆಹಾರ, ಆಮೇಲೆ ಗರ್ಭಧಾರಣೆಯ ಕಾಲಕ್ಕೆ ಕೊಬ್ಬಿನ ಆಹಾರ ಎಂದು ಬದಲಿಸಿದಾಗ ಹೆಚ್ಚು ಹಸುಗಳು ಗಬ್ಬ ನಿಂತವು. ತೆಂಗಿನತೋಟದವರ ಬೈಪಾಸ್ ಕೊಬ್ಬಿಗೆ ಸರಿಯಾದ ಕಾಲ ಅದು.

ತೆಂಗಿನತೋಟ · ಶುಕ್ರವಾರ, ಬೆಳಗ್ಗೆ 6:40

ಕೊನೆಗೂ ನನ್ನ ಕೊಬ್ಬಿಗೆ ಒಂದು ಜಾಗ ಸಿಕ್ಕಿತು. ಹಾಲುಗಡಿಗೆ ಅಣ್ಣಾ, ರಸಮೇವು ಬೇಕಿದ್ದರೆ ನಮ್ಮ ಕಡೆ ಚೀಲದಲ್ಲಿ ಕಟ್ಟಿ ಮಾರುವವರಿದ್ದಾರೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.

ಹಾಲುಗಡಿಗೆ · ಶುಕ್ರವಾರ, ಬೆಳಗ್ಗೆ 7:05

ಕಳುಹಿಸಿ. ಸ್ಕ್ಯಾನ್‌ಗೆ ಸೋಮವಾರ ಬರಲು ನಮ್ಮ ಡಾಕ್ಟರಿಗೆ ಹೇಳಿದ್ದೇನೆ, ಕೀಟೋನ್ ಮೀಟರು ಅವರ ಬಳಿ ಇದೆಯೇ ಎಂದೂ ಕೇಳಬೇಕು.